ಥ್ರೆಡ್‌ನೀಡಲ್ ಬೀದಿಯ ಗೋಡೆ: ಬ್ಯಾಂಕ್ ಆಫ್ ಇಂಗ್ಲೆಂಡ್ ಕಟ್ಟಡದ ಪುನರ್ನಿರ್ಮಾಣವನ್ನು ಕುರಿತು

ಲಂಡನ್ ನಗರದ ನಟ್ಟನಡುವೆ, ಹಲವು ಬೀದಿಗಳು ಬಂದು ಕೂಡುವೆಡೆಯಲ್ಲಿ, ಮೂರು ಎಕರೆಗೂ ಮೀರಿದ ನಿವೇಶನವನ್ನು ಸುತ್ತುವರಿದು ಒಂದು ಕಲ್ಲಿನ ಗೋಡೆ ನಿಂತಿದೆ. ಕಂಬಗಳ ಸಾಲೂ ಕುರುಡು ಕಿಟಕಿಗಳೂ ಅದಕ್ಕೆ ಅಲಂಕಾರವಾಗಿವೆ. ಬೀದಿಯವನು ಒಳಗಿಣುಕಿ ನೋಡಬಹುದಾದ ಕಿಟಕಿ ಮಾತ್ರ ಒಂದೂ ಇಲ್ಲ. ಆ ಗೋಡೆಯ ಹಿಂದೆ, ಅದರ ಎತ್ತರವನ್ನು ಬಹಳ ಮಟ್ಟಿಗೆ ಮೀರಿ, ಬೇರೊಂದು ಕಾಲದ ಬೇರೊಂದು ಕಟ್ಟಡ ತಲೆಯೆತ್ತಿದೆ. ಇದೇ ಬ್ಯಾಂಕ್ ಆಫ್ ಇಂಗ್ಲೆಂಡ್. ಗೋಡೆಯನ್ನು ಕಟ್ಟಿದವನು ಸರ್ ಜಾನ್ ಸೋನ್. ಒಳಗಿನದನ್ನು ಕಟ್ಟಿದವನು ಸರ್ ಹರ್ಬರ್ಟ್ ಬೇಕರ್. ಇವರಿಬ್ಬರ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ. 1925ರಿಂದ 1939ರವರೆಗೆ ನಡೆದ ಪುನರ್ನಿರ್ಮಾಣದಲ್ಲಿ ಸೋನ್‌ನ ಗೋಡೆ ಉಳಿಯಿತು, ಸೋನ್‌ನ ಬ್ಯಾಂಕು ಹೋಯಿತು. ಹೀಗಾದುದೇಕೆ, ಹೋದುದರ ಸ್ವರೂಪವೇನು ಎಂಬುದನ್ನು ನಾವು ಇಲ್ಲಿ ವಿವೇಚಿಸಹೊರಟಿದ್ದೇವೆ.

ಬ್ಯಾಂಕು ಸ್ಥಾಪಿತವಾದದ್ದು 1694ರಲ್ಲಿ. ಫ್ರಾನ್ಸಿನೊಡನೆ ಯುದ್ಧದಲ್ಲಿ ತೊಡಗಿದ್ದ ಮೂರನೆಯ ವಿಲಿಯಂ ದೊರೆಗೆ ಹಣ ಬೇಕಾಗಿತ್ತು. 12 ಲಕ್ಷ ಪೌಂಡು ಸಾಲ ಕೊಟ್ಟ ವರ್ತಕರಿಗೆ ಅದಕ್ಕೆ ಪ್ರತಿಯಾಗಿ ರಾಜಶಾಸನ ದೊರೆಯಿತು. ಹೀಗೆ ಯುದ್ಧಕ್ಕಾಗಿ ಎತ್ತಿದ ಸಾಲವೇ ಈ ಸಂಸ್ಥೆಯ ತಳಹದಿ. ಮುಂದಿನ ಕಥೆಯನ್ನು ತಿಳಿಯುವುದಕ್ಕೆ ಈ ಒಂದಂಶವನ್ನು ಮರೆಯಬಾರದು. ಮೊದಲ ನಲವತ್ತು ವರ್ಷ ಬ್ಯಾಂಕಿಗೆ ಸ್ವಂತ ಮನೆಯಿರಲಿಲ್ಲ. ವರ್ತಕರ ಶ್ರೇಣಿಗಳಿಗೆ ಸೇರಿದ ಸಭಾಭವನಗಳಲ್ಲಿ ಅದು ಕೆಲಸ ನಡೆಸಿತು. 1734ರಲ್ಲಿ ಥ್ರೆಡ್‌ನೀಡಲ್ ಬೀದಿಯಲ್ಲಿ, ಮೊದಲ ಗವರ್ನರನಾಗಿದ್ದ ಜಾನ್ ಹೂಬ್ಲನ್‌ನ ಮನೆಯೂ ತೋಟವೂ ಇದ್ದ ಸ್ಥಳದಲ್ಲಿ, ಜಾರ್ಜ್ ಸ್ಯಾಂಪ್ಸನ್ ಕಟ್ಟಿದ ಮನೆಗೆ ಅದು ಬಂದು ನೆಲಸಿತು. ಅನಂತರ ರಾಬರ್ಟ್ ಟೇಲರ್ ಎಂಬ ವಾಸ್ತುಶಿಲ್ಪಿ ಎರಡು ಪಾರ್ಶ್ವಗಳಲ್ಲಿ ಅದನ್ನು ವಿಸ್ತರಿಸಿದನು. 1780ರ ಗಾರ್ಡನ್ ದಂಗೆಯಲ್ಲಿ ಗುಂಪು ಬ್ಯಾಂಕಿನ ಮೇಲೂ ಏರಿಬಂದಿತು. ಪಕ್ಕದ ಸೇಂಟ್ ಕ್ರಿಸ್ಟೊಫರ್ ಚರ್ಚಿನ ಗೋಪುರವನ್ನು ದಂಗೆಕೋರರು ಹತ್ತಿದರೆ ಬ್ಯಾಂಕು ಅವರ ಕೈಕೆಳಗಾಗುವುದೆಂಬ ಭೀತಿಯಿಂದ ಮುಂದೆ ಆ ಚರ್ಚನ್ನೇ ಕೆಡವಲಾಯಿತು. ಅದರ ಸ್ಮಶಾನ ಬ್ಯಾಂಕಿನ ಒಳತೋಟವಾಯಿತು. ಆ ವರ್ಷದಿಂದ ರಾತ್ರಿಯ ಕಾವಲಿಗೆ ಸೈನಿಕರು ಬರತೊಡಗಿದರು. ಈ ಪದ್ಧತಿ 1973ರವರೆಗೂ ನಡೆದುಬಂದಿತು.

1788ರಲ್ಲಿ ಟೇಲರ್ ತೀರಿಕೊಂಡ ಮೇಲೆ ಆ ಹುದ್ದೆಗೆ ಬಂದವನು ಮೂವತ್ತೈದು ವರ್ಷದ ಸೋನ್, ಇಟ್ಟಿಗೆ ಕೆಲಸಗಾರನೊಬ್ಬನ ಮಗ. 1833ರಲ್ಲಿ ಕಣ್ಣು ಮಂಜಾಗಿ ವಯಸ್ಸಾಗಿ ಹುದ್ದೆಯನ್ನು ಬಿಡುವವರೆಗೆ ನಲವತ್ತೈದು ವರ್ಷ ಅವನು ಈ ಒಂದೇ ಕಟ್ಟಡದೊಡನೆ ಬಾಳಿದನು. ಈ ಅವಧಿಯ ಬಹುಭಾಗ ಫ್ರಾನ್ಸಿನೊಡನೆ ಯುದ್ಧಕಾಲ. 1793ರಲ್ಲಿ ಸುಮಾರು 24 ಕೋಟಿ ಪೌಂಡಿನಷ್ಟಿದ್ದ ಬ್ರಿಟನ್ನಿನ ರಾಷ್ಟ್ರೀಯ ಸಾಲ ನೆಪೋಲಿಯನ್ನನ ಪತನದ ಹೊತ್ತಿಗೆ 80 ಕೋಟಿಯನ್ನು ದಾಟಿತ್ತು. ಈ ಸಾಲದ ಲೆಕ್ಕವನ್ನಿಡುವ, ಬಡ್ಡಿಯನ್ನು ಹಂಚುವ ಹೊಣೆ ಬ್ಯಾಂಕಿನದು. 1797ರಲ್ಲಿ ನೋಟಿಗೆ ಚಿನ್ನ ಕೊಡುವುದನ್ನು ಸರ್ಕಾರ ನಿಲ್ಲಿಸಿದಾಗ ಒಂದು ಮತ್ತು ಎರಡು ಪೌಂಡಿನ ಸಣ್ಣ ನೋಟುಗಳ ಹೊರೆಯೂ ಅದಕ್ಕೆ ಸೇರಿತು. ಗುಮಾಸ್ತರು ಹೆಚ್ಚಿದರು, ಖಾತೆ ಪುಸ್ತಕಗಳು ಹೆಚ್ಚಿದವು, ಜಾಗ ಸಾಲದಾಯಿತು. ಬ್ಯಾಂಕು ಪಕ್ಕದ ಮನೆಗಳನ್ನು ಒಂದೊಂದಾಗಿ ಕೊಂಡು ಉತ್ತರಕ್ಕೂ ಪಶ್ಚಿಮಕ್ಕೂ ಬೆಳೆಯಿತು. ಸೋನ್ ಅದಕ್ಕೆ ತಕ್ಕಂತೆ ಹಜಾರದ ಪಕ್ಕಕ್ಕೆ ಹಜಾರವನ್ನು ಕಟ್ಟುತ್ತ ಹೋದನು.

ಆ ಹಜಾರಗಳ ಉಪಯೋಗವೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಸರ್ಕಾರಿ ಸಾಲವೆಂದರೆ ಅಂದು ಕೈಯಲ್ಲಿ ಹಿಡಿದು ಕೊಡತಕ್ಕ ಪತ್ರವಾಗಿರಲಿಲ್ಲ, ಪುಸ್ತಕದಲ್ಲಿನ ಒಂದು ಹೆಸರಾಗಿತ್ತು. ಮಾರುವವನು ಬ್ಯಾಂಕಿಗೆ ಬಂದು, ತನ್ನ ಹೆಸರಿನ ಮೊದಲಕ್ಷರವನ್ನು ಬರೆದಿರುವ ಮೇಜನ್ನು ಹುಡುಕಿ, ಗುಮಾಸ್ತನ ಎದುರಿಗೆ ವರ್ಗಾವಣೆ ಪುಸ್ತಕಕ್ಕೆ ಸಹಿ ಹಾಕಬೇಕು. ಬಡ್ಡಿಯ ದಿನಗಳಲ್ಲಿ ಸಾಲ ಕೊಟ್ಟವನು ತಾನೇ ಬರಬೇಕು, ಇಲ್ಲವೆ ಅಧಿಕಾರಪತ್ರ ಪಡೆದವನನ್ನು ಕಳಿಸಬೇಕು. ಹೀಗಾಗಿ ಒಂದೊಂದು ಬಗೆಯ ಸಾಲಕ್ಕೂ ಒಂದೊಂದು ಹಜಾರ: ಬ್ಯಾಂಕಿನ ಸ್ವಂತ ಷೇರುಗಳಿಗೆ ಒಂದು, ಶೇಕಡ ನಾಲ್ಕರ ಸಾಲಕ್ಕೆ ಒಂದು, ಕನ್ಸಾಲ್ ಎಂದು ಹೆಸರಾದ ಕ್ರೋಢೀಕೃತ ಸಾಲಕ್ಕೆ ಒಂದು. ನಡುವೆ ರೊಟಂಡಾ ಎಂಬ ವೃತ್ತಾಕಾರದ ಗುಮ್ಮಟದ ಕೋಣೆ. ಅಲ್ಲಿ ದಲ್ಲಾಳಿಗಳು ಕೂಗಾಡಿ ವ್ಯಾಪಾರ ಮಾಡುತ್ತಿದ್ದರು. ವಿಧವೆಯರು, ಪಾದ್ರಿಗಳು, ನಿವೃತ್ತ ನಾವಿಕರು, ಹಳ್ಳಿಯಿಂದ ಬಂದ ಜಮೀನುದಾರರು, ಎಲ್ಲರೂ ಅಲ್ಲಿ ಕಾಣಸಿಗುತ್ತಿದ್ದರು. ಜಾರ್ಜ್ ಎಲ್ಗರ್ ಹಿಕ್ಸ್ ಎಂಬ ಚಿತ್ರಕಾರ 1859ರಲ್ಲಿ ಬಡ್ಡಿಯ ದಿನದ ಈ ನೋಟವನ್ನು ಚಿತ್ರಿಸಿದ್ದಾನೆ. ಕೋಟೆಯಂತೆ ಮುಚ್ಚಿದ ಕಟ್ಟಡದೊಳಗೆ ಪ್ರಜೆಯೂ ರಾಜ್ಯವೂ ಸಾಲ ಕೊಟ್ಟವನಾಗಿ, ಸಾಲ ತೆಗೆದುಕೊಂಡವನಾಗಿ ಮುಖಾಮುಖಿ ನಿಂತ ಸ್ಥಳ ಈ ಹಜಾರ.

ಸುರಕ್ಷತೆಗಾಗಿ ಹೊರಗೋಡೆಗೆ ಕಿಟಕಿಯಿಲ್ಲ. ಓದು ಬರಹಕ್ಕೆ ಬೆಳಕು ಬೇಕು. ಈ ಎರಡು ನಿರ್ಬಂಧಗಳ ಇಕ್ಕಟ್ಟಿನಲ್ಲಿಯೇ ಸೋನ್‌ನ ಕಲೆ ಹುಟ್ಟಿತು. ಅವನು ಬೆಳಕನ್ನು ಛಾವಣಿಯಿಂದ ಇಳಿಸಿದನು. 1793ರಲ್ಲಿ ಮುಗಿದ ಬ್ಯಾಂಕ್ ಸ್ಟಾಕ್ ಆಫೀಸು ಈ ಬಗೆಯ ಮೊದಲನೆಯದು. ಅದರ ವಿನ್ಯಾಸದಲ್ಲಿ ತನ್ನ ಗುರು ಜಾರ್ಜ್ ಡ್ಯಾನ್ಸ್‌ನ ಸಲಹೆಯನ್ನು ಅವನು ಪಡೆದನು. ಟೇಲರನ ಮರದ ಮಾಡು ಶಿಥಿಲವಾಗಿದ್ದುದರಿಂದ ಸೋನ್ ಅದನ್ನು ತೆಗೆದು, ಬೆಂಕಿ ತಗುಲದಂತೆ ಇಟ್ಟಿಗೆಯಿಂದಲೂ, ಭಾರ ತಗ್ಗಲೆಂದು ಒಳಗೆ ಪೊಳ್ಳಾದ ಮಣ್ಣಿನ ಕುಡಿಕೆಗಳಿಂದಲೂ ಕಮಾನು ಛಾವಣಿಯನ್ನು ಕಟ್ಟಿದನು. ನಡುವಿನ ಗಾಜಿನ ಗೂಡಿನಿಂದ ಬೆಳಕು ಕಮಾನುಗಳ ಬೆನ್ನ ಮೇಲೆ ಹರಿದು ಮೇಜುಗಳ ಮೇಲೆ ಬೀಳುತ್ತಿತ್ತು. ಗ್ರೀಕ್ ರೋಮನ್ ಸ್ತಂಭಗಳ ಆಡಂಬರವನ್ನು ಅವನು ಇಲ್ಲಿ ಬಿಟ್ಟುಕೊಟ್ಟು, ಗೋಡೆಯಲ್ಲಿ ಕೊರೆದ ತೆಳುಗೆರೆಗಳಷ್ಟೇ ಸಾಕೆಂದುಕೊಂಡನು. ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿಗಳು ಈ ಸರಳತೆಯನ್ನು ಕಂಡು ಬೆರಗಾದರು. ಆದರೆ ಅವರಲ್ಲಿ ಬಹುಮಂದಿಗೆ ಅದನ್ನು ಭಾವಚಿತ್ರಗಳಲ್ಲಿ ಮಾತ್ರ ನೋಡುವ ಯೋಗವಿತ್ತು!

1830ರಲ್ಲಿ ಸೋನ್‌ನ ಸಹಾಯಕ ಜೋಸೆಫ್ ಗ್ಯಾಂಡಿ ಬ್ಯಾಂಕನ್ನು ಆಕಾಶದಿಂದ ನೋಡಿದಂತೆ, ಛಾವಣಿಗಳು ಕಳಚಿ ಒಳಕೋಣೆಗಳೆಲ್ಲ ಬಯಲಾದಂತೆ ಒಂದು ಚಿತ್ರವನ್ನು ಬರೆದನು. ಅದು ಕಟ್ಟಡದ ರಚನೆಯನ್ನು ತೋರಿಸುವ ಚಿತ್ರವೂ ಹೌದು, ಪಾಳುಬಿದ್ದ ಬ್ಯಾಂಕಿನ ಕಲ್ಪನೆಯೂ ಹೌದು. ರೋಮಿನಂತೆ ಲಂಡನ್ನೂ ಒಂದು ದಿನ ಅಳಿದು, ತನ್ನ ಬ್ಯಾಂಕಿನ ಅವಶೇಷಗಳನ್ನು ಮುಂದಿನವರು ಹಂಪೆಯನ್ನು ನಾವು ನೋಡುವಂತೆ ನೋಡಿಯಾರೆಂದು ಸೋನ್ ಎಣಿಸಿದ್ದಿರಬಹುದು. ಸಾವಿರ ವರ್ಷದ ಮೇಲೆ ಆಗಬಹುದಾದ ಆ ಪಾಳು ನೂರು ವರ್ಷದೊಳಗೇ ಬಂದಿತು. ಕಾಲವಶದಿಂದಲ್ಲ, ಬ್ಯಾಂಕಿನ ಸ್ವಂತ ಆಜ್ಞೆಯಿಂದ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಡ್ಡಿಯನ್ನು ಅಂಚೆಯ ಮೂಲಕ ಕಳಿಸುವ ಏರ್ಪಾಡಾಯಿತು. ಜನ ಬರುವುದು ಕಡಮೆಯಾಯಿತು. ಹಜಾರಗಳು ಮೆಲ್ಲಮೆಲ್ಲನೆ ಗುಮಾಸ್ತರ ಕಚೇರಿಗಳಾದವು. ಬರುವವರಿಗಾಗಿ ಕಟ್ಟಿದ ಎತ್ತರವಾದ ಅವಕಾಶ ಕುಳಿತು ಬರೆಯುವವರಿಗೆ ವ್ಯರ್ಥವಾಗಿ ತೋರಿದ್ದರೆ ಅದು ಅಸಹಜವಲ್ಲ. ಕಟ್ಟಡ ಕೆಡುವುದಕ್ಕೆ ಮೊದಲು ಅದರ ಕಾರಣ ಕೆಟ್ಟಿತ್ತೆಂಬುದನ್ನು ನಾವು ಒಪ್ಪಬೇಕು. ಬೇಕರನೊಬ್ಬನ ಮೇಲೆ ಎಲ್ಲ ದೋಷವನ್ನೂ ಹೊರಿಸುವ ಬರಹಗಳು ಈ ಅಂಶವನ್ನು ಗಮನಿಸಿದಂತಿಲ್ಲ.

1914ರ ಮಹಾಯುದ್ಧ ಉಳಿದುದನ್ನು ಮಾಡಿತು. ಯುದ್ಧಪೂರ್ವದಲ್ಲಿ ಸುಮಾರು 65 ಕೋಟಿ ಪೌಂಡಿದ್ದ ರಾಷ್ಟ್ರೀಯ ಸಾಲ ಯುದ್ಧ ಮುಗಿಯುವ ವೇಳೆಗೆ 700 ಕೋಟಿಯನ್ನು ಮೀರಿತು. ಯುದ್ಧಸಾಲಕ್ಕೆ ಹಣ ಕೊಟ್ಟವರಲ್ಲಿ ಸಾಮಾನ್ಯ ಗೃಹಸ್ಥರು ಅಸಂಖ್ಯರಿದ್ದರು. ಅವರೆಲ್ಲರ ಹೆಸರೂ ಬ್ಯಾಂಕಿನ ಪುಸ್ತಕದಲ್ಲಿರಬೇಕು. ಸಿಬ್ಬಂದಿ ಹಲವು ಪಟ್ಟು ಬೆಳೆಯಿತು, ಸ್ತ್ರೀಯರು ಹೆಚ್ಚಿನ ಸಂಖ್ಯೆಯಲ್ಲಿ ಕೆಲಸಕ್ಕೆ ಬಂದರು, ವಿಭಾಗಗಳು ನಗರದ ಬೇರೆ ಬೇರೆ ಕಟ್ಟಡಗಳಿಗೆ ಚದುರಿದವು. ಇದರೊಡನೆ, 1920ರಲ್ಲಿ ಗವರ್ನರನಾಗಿ 1944ರವರೆಗೂ ಮುಂದುವರಿದ ಮಾಂಟೆಗು ನಾರ್ಮನ್‌ನ ಕಾಲದಲ್ಲಿ ಬ್ಯಾಂಕು ವರ್ತಕರ ಸಂಸ್ಥೆಯ ರೂಪವನ್ನು ಕಳೆದುಕೊಂಡು, ದೇಶದೇಶಗಳ ಕೇಂದ್ರ ಬ್ಯಾಂಕುಗಳೊಡನೆ ವ್ಯವಹರಿಸುವ ಕೇಂದ್ರ ಬ್ಯಾಂಕಾಗಿ ಮಾರ್ಪಡುತ್ತಿತ್ತು. ಒಂದೇ ಅಂತಸ್ತಿನ ಹಜಾರಗಳಿಂದ ತುಂಬಿದ ಮೂರು ಎಕರೆ ಭೂಮಿ ಲಂಡನ್ನಿನ ನಡುವಿನಲ್ಲಿ ಇನ್ನು ಹಾಗೆಯೇ ಉಳಿಯುವಂತಿರಲಿಲ್ಲ.

ಬೇರೆಡೆಗೆ ಹೋಗಬಹುದಾಗಿತ್ತಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಂದಿನ ಲಂಡನ್ ಹಣದ ಪೇಟೆ ಕಾಲ್ನಡೆಯ ಪೇಟೆ. ಹುಂಡಿ ವ್ಯಾಪಾರಿಗಳು ಎತ್ತರದ ರೇಷ್ಮೆ ಟೋಪಿ ಧರಿಸಿ ಬ್ಯಾಂಕಿನಿಂದ ಬ್ಯಾಂಕಿಗೆ ನಡೆದುಹೋಗಿ ಆ ದಿನದ ದರವನ್ನು ಮಾತಾಡಿಕೊಳ್ಳುತ್ತಿದ್ದರು. ಷೇರುಪೇಟೆ ಎದುರಿಗೇ ಇತ್ತು. ಆ ಮೂಲೆಯನ್ನು ಬಿಟ್ಟುಹೋಗುವುದೆಂದರೆ ಬ್ಯಾಂಕು ತನ್ನ ಅಧಿಕಾರದ ಒಂದಂಶವನ್ನೇ ಬಿಟ್ಟುಕೊಟ್ಟಂತೆ. ಹಾಗೆಯೇ ಸೋನ್‌ನ ಗೋಡೆಯನ್ನು ಕೆಡವುವುದೆಂದರೆ ಜನರು ಬ್ಯಾಂಕೆಂದು ಗುರುತಿಸುತ್ತಿದ್ದ ಮುಖವನ್ನೇ ಕೆಡಿಸಿದಂತೆ. ಆದುದರಿಂದ ಗೋಡೆಯಿರಲಿ, ಸ್ಥಳವೂ ಇರಲಿ, ಒಳಗೆ ಮಾತ್ರ ಹೊಸ ಪ್ರಧಾನ ಕಚೇರಿ ಎದ್ದುಬರಲಿ ಎಂಬ ತೀರ್ಮಾನವಾಯಿತು.

ಇದಕ್ಕೆ ಆರಿಸಲ್ಪಟ್ಟ ಹರ್ಬರ್ಟ್ ಬೇಕರ್ ಭಾರತೀಯರಾದ ನಮಗೆ ಅಪರಿಚಿತನಲ್ಲ. ದಕ್ಷಿಣ ಆಫ್ರಿಕದಲ್ಲಿ ಸೆಸಿಲ್ ರೋಡ್ಸ್‌ನ ಆಶ್ರಯದಲ್ಲಿ ಬೆಳೆದ ಇವನು ಪ್ರಿಟೋರಿಯದ ಯೂನಿಯನ್ ಕಟ್ಟಡಗಳನ್ನೂ, ಹೊಸದಿಲ್ಲಿಯ ರೈಸಿನಾ ಗುಡ್ಡದ ಮೇಲಿನ ಉತ್ತರ ದಕ್ಷಿಣ ಸಚಿವಾಲಯಗಳನ್ನೂ ರಚಿಸಿದವನು. 1927ರಲ್ಲಿ ಪ್ರಾರಂಭವಾಗಿ, ಮುಂದೆ ಸ್ವತಂತ್ರ ಭಾರತದ ಸಂಸತ್ ಭವನವಾಗಿ, 2023ರಿಂದ ಸಂವಿಧಾನ ಸದನವೆಂದು ಹೆಸರು ಪಡೆದಿರುವ ವೃತ್ತಾಕಾರದ ಕಟ್ಟಡವೂ ಇವನದೇ. ಗುಡ್ಡದ ಮೇಲೆ ಕಲ್ಲು ಪೇರಿಸಿ ಸಾಮ್ರಾಜ್ಯದ ಘನತೆಯನ್ನು ತೋರಿಸುವುದರಲ್ಲಿ ಬೇಕರ್ ಪಳಗಿದವನು. ಆದರೆ ಸೋನ್‌ನ ಕಟ್ಟಡ ಘನತೆಯನ್ನು ಪೇರಿಸಿ ಕಟ್ಟಿದ್ದಲ್ಲ. ಅದು ಅವಕಾಶವನ್ನೂ ಬೆಳಕನ್ನೂ ನೆಚ್ಚಿದ್ದು. ಇಬ್ಬರ ಮನೋಧರ್ಮ ಕೂಡುವಂತಿರಲಿಲ್ಲ.

ಆದರೂ ಬೇಕರನ ಮೊದಲ ಯೋಜನೆಯಲ್ಲಿ ಗೋಡೆಯ ಹಿಂದಿನ ಹಜಾರಗಳ ಸಾಲನ್ನು ಉಳಿಸಿಕೊಂಡು ನಡುವೆ ಮಾತ್ರ ಎತ್ತರದ ಕಟ್ಟಡವನ್ನು ಎಬ್ಬಿಸುವ ಉದ್ದೇಶವಿತ್ತು. ಈ ಮಾತು ನಡೆದಿದ್ದರೆ ಇಂದು ನಾವು ಬರೆಯುತ್ತಿರುವ ಲೇಖನ ಬೇರೆಯಾಗುತ್ತಿತ್ತು. ಕೆಲಸ ಮುಂದುವರಿದಂತೆ ಆ ಉದ್ದೇಶ ಸಡಿಲವಾಯಿತು. ನೆಲದ ಮೇಲೆ ಏಳು, ನೆಲದ ಕೆಳಗೆ ಮೂರು ಅಂತಸ್ತುಗಳ ಕಟ್ಟಡವೆಂದರೆ ಅದಕ್ಕೆ ಆಳವಾದ ಅಗೆತ ಬೇಕು. ಹಜಾರಗಳನ್ನು ಬಿಚ್ಚಲಾಯಿತು; ಸೋನ್‌ನ ರೀತಿಯನ್ನು ಹೋಲುವ ಹೊಸ ಹಜಾರಗಳನ್ನು ಕೆಲವೆಡೆ ಬೇಕರನೇ ಕಟ್ಟಿದನು. ಟೇಲರನ ಕಾಲದ ಆಡಳಿತ ಸಭಾಗೃಹವನ್ನು ಮಾತ್ರ ಕಳಚಿ ಒಂದು ಅಂತಸ್ತು ಮೇಲಕ್ಕೇರಿಸಿ ಮತ್ತೆ ಜೋಡಿಸಿದರು. ನಿರ್ದೇಶಕರು ತಾವು ಕೂಡುವ ಕೋಣೆಯನ್ನು ಉಳಿಸಿಕೊಂಡರು, ಜನ ಬರುತ್ತಿದ್ದ ಕೋಣೆಗಳನ್ನು ಬಿಟ್ಟರು. ಇದರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಯಾವುದು ಯಾರಿಗೆ ಪ್ರಿಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಪ್ರತಿಭಟನೆ ಇರಲಿಲ್ಲವೆಂದಲ್ಲ, ತಡೆಯಬಲ್ಲ ಕಾನೂನು ಇರಲಿಲ್ಲ. ಪ್ರಾಚೀನ ಸ್ಮಾರಕಗಳ ಶಾಸನಗಳು 1882ರಿಂದ ಇದ್ದುವಾದರೂ ಅವು ಮುಖ್ಯವಾಗಿ ಬಳಕೆ ತಪ್ಪಿದ ಅವಶೇಷಗಳನ್ನು ಉದ್ದೇಶಿಸಿದಂಥವು. ಬಳಕೆಯಲ್ಲಿರುವ ಕಟ್ಟಡಗಳನ್ನು ಪಟ್ಟಿ ಮಾಡಿ ರಕ್ಷಿಸುವ ಕ್ರಮ ಬಂದದ್ದು 1944 ಮತ್ತು 1947ರ ಪಟ್ಟಣ ಯೋಜನಾ ಶಾಸನಗಳಿಂದ. ಇಲ್ಲಿ ಒಂದು ವಿಚಿತ್ರವನ್ನು ನೆನೆಯಬೇಕು. ಸೋನ್ ಬ್ಯಾಂಕನ್ನು ಬಿಟ್ಟ 1833ರಲ್ಲಿಯೇ, ತನ್ನ ವಾಸದ ಮನೆಯನ್ನು ತಾನಿಟ್ಟಂತೆಯೇ ಕಾಪಾಡಬೇಕೆಂದು ಪಾರ್ಲಿಮೆಂಟಿನಿಂದ ಒಂದು ಶಾಸನವನ್ನು ಪಡೆದನು. ಆ ಮನೆ ಇಂದಿಗೂ ವಸ್ತುಸಂಗ್ರಹಾಲಯವಾಗಿದ್ದು, ಬ್ಯಾಂಕಿನ ನಕ್ಷೆಗಳು ಅಲ್ಲಿವೆ. ಕೆಡವುವ ಮೊದಲು ಎಫ್. ಆರ್. ಯರ್ಬರಿ ತೆಗೆದ ಭಾವಚಿತ್ರಗಳೂ ಆ ನಕ್ಷೆಗಳೂ ಇಲ್ಲದಿದ್ದರೆ, ಈ ಹಜಾರಗಳನ್ನು ಕುರಿತು ನಮ್ಮ ತಿಳಿವಳಿಕೆ ಬಹಳ ಬಡವಾಗುತ್ತಿತ್ತು.

ಹದಿನಾಲ್ಕು ವರ್ಷಗಳ ಈ ಕಾರ್ಯದಲ್ಲಿ ಬ್ಯಾಂಕು ಒಂದು ದಿನವೂ ಬಾಗಿಲು ಮುಚ್ಚದೆ, ನಿವೇಶನದ ಒಂದು ಭಾಗದಿಂದ ಇನ್ನೊಂದಕ್ಕೆ ಸರಿಯುತ್ತ ಕೆಲಸ ನಡೆಸಿದುದು ಮೆಚ್ಚತಕ್ಕದ್ದೇ. ಕೆಲಸ ಆರಂಭವಾದ ವರ್ಷ ಬ್ರಿಟನ್ ಚಿನ್ನದ ಮಾನಕ್ಕೆ ಮರಳಿತು. ಕಟ್ಟಡ ಅರ್ಧ ಎದ್ದಿರುವಾಗ, 1931ರಲ್ಲಿ, ಅದನ್ನು ಬಿಟ್ಟಿತು. ಮರುವರ್ಷ 200 ಕೋಟಿ ಪೌಂಡನ್ನು ಮೀರಿದ ಯುದ್ಧಸಾಲದ ಬಡ್ಡಿಯನ್ನು ಶೇಕಡ 5ರಿಂದ 3½ಕ್ಕೆ ಇಳಿಸುವ ಮಹಾಕಾರ್ಯ ನಡೆಯಿತು. ಅಗೆಯುವಾಗ ರೋಮನರ ಕಾಲದ ಚಿತ್ರಖಚಿತ ನೆಲಗಟ್ಟುಗಳು ದೊರೆತವು. ಕೆಳಗಿನ ಖಜಾನೆಗಳಲ್ಲಿ ಇಂದು ಹಲವು ದೇಶಗಳಿಗೆ ಸೇರಿದ ಸುಮಾರು 4 ಲಕ್ಷ ಚಿನ್ನದ ಗಟ್ಟಿಗಳಿವೆ. 1991ರ ವಿದೇಶೀ ವಿನಿಮಯದ ಮುಗ್ಗಟ್ಟಿನಲ್ಲಿ ನಮ್ಮ ರಿಸರ್ವ್ ಬ್ಯಾಂಕು ಸುಮಾರು 47 ಟನ್ನು ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಹಾಗೂ ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು 40 ಕೋಟಿ ಡಾಲರಿಗೂ ಹೆಚ್ಚಿನ ಸಾಲವನ್ನೆತ್ತಿತೆಂಬುದನ್ನು ಓದುಗರು ಬಲ್ಲರು. ಬೇಕರ್ ರೈಸಿನಾದಲ್ಲಿ ಕಟ್ಟಿದ ಸಚಿವಾಲಯದಲ್ಲಿ ಕುಳಿತವರು ಬೇಕರ್ ಲಂಡನ್ನಿನಲ್ಲಿ ಕಟ್ಟಿದ ಬ್ಯಾಂಕಿನೊಡನೆ ಮಾತುಕತೆ ನಡೆಸಿದ್ದು ಕೇವಲ ಆಕಸ್ಮಿಕ. ಆದರೂ ಮನಸ್ಸಿಗೆ ತಾಗುವ ಆಕಸ್ಮಿಕ.

ನಿಕೋಲಾಸ್ ಪೆವ್ಸ್ನರ್ ಅವರು ಸೋನ್‌ನ ಬ್ಯಾಂಕನ್ನು ಕೆಡವಿದ್ದು ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ ನಗರದಲ್ಲಿ ವಾಸ್ತುಕಲೆಯ ಮೇಲೆ ನಡೆದ ಅತಿ ದೊಡ್ಡ ಅಪರಾಧವೆಂದು ತೀರ್ಪಿತ್ತರು. ಬಾಂಬುಗಳು ಮಾಡಿದ ಹಾನಿಯನ್ನು ಕಣ್ಣಾರೆ ಕಂಡ ನಗರವೊಂದರ ವಿಷಯದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ತೀರ್ಪನ್ನು ಒಪ್ಪುವವರೂ ಅಪರಾಧದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯದನ್ನು ಕೆಡವಿದ್ದೇ ಅಪರಾಧವೆಂದರೆ ಸೋನ್ ಕೂಡ ಅಪರಾಧಿಯೇ. ಟೇಲರನ ಹಜಾರಗಳನ್ನು ಅವನು ಕೆಡವಲಿಲ್ಲವೆ? ಭೇದವಿರುವುದು ಇಲ್ಲಿ: ಸೋನ್ ಹಜಾರವನ್ನು ತೆಗೆದು ಹಜಾರವನ್ನೇ ಕಟ್ಟಿದನು. ಬಂದವರು ಮತ್ತೆ ಬಂದರು, ಪುಸ್ತಕಗಳು ಮತ್ತೆ ಅಲ್ಲಿಯೇ ತೆರೆದವು. ನಮ್ಮ ಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ದತ್ತಿಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಒಡೆದುದನ್ನು ಬಿರಿದುದನ್ನು ಸರಿಪಡಿಸಿ ಪೂಜೆ ನಡೆಯುವಂತೆ ಮಾಡುವುದು ಅದರ ಅಭಿಪ್ರಾಯ. ಗುಡಿ ಬೆಳೆದಾಗ ಮುಂದೆ ಮಂಟಪ, ಸುತ್ತಲೂ ಪ್ರಾಕಾರ, ಹೊರಗೆ ಗೋಪುರ ಸೇರುತ್ತವೆ. ಗರ್ಭಗೃಹ ನಡುವೆ ಚಿಕ್ಕದಾಗಿ ಹಾಗೆಯೇ ನಿಂತಿರುತ್ತದೆ. ಥ್ರೆಡ್‌ನೀಡಲ್ ಬೀದಿಯಲ್ಲಿ ಪ್ರಾಕಾರವನ್ನು ಉಳಿಸಿಕೊಂಡು ಗರ್ಭಗೃಹವನ್ನು ಕಿತ್ತರು. ಆ ಪ್ರಾಕಾರವಾದರೂ ಪೂರ್ತಿಯಾಗಿ ಉಳಿಯಲಿಲ್ಲ. ರೋಮಿನ ಬಳಿಯ ಟಿವೊಲಿಯ ಗುಡಿಯನ್ನು ಅನುಸರಿಸಿ ಸೋನ್ 1805ರಲ್ಲಿ ಕಟ್ಟಿದ ವಾಯವ್ಯ ಮೂಲೆಯನ್ನು ಕೊರೆದು ಪಾದಚಾರಿಗಳಿಗೆ ದಾರಿ ಮಾಡಿದರು.

ಕಚೇರಿಗೆ ಜಾಗ ಬೇಕಾಗಿತ್ತೆಂಬ ಸಮರ್ಥನೆಯನ್ನು ಮುಂದಿನ ಇತಿಹಾಸದ ಬೆಳಕಿನಲ್ಲಿ ನೋಡೋಣ. 1939ರಲ್ಲಿ ಕಟ್ಟಡ ಮುಗಿಯಿತು. ಅದೇ ವರ್ಷ ಯುದ್ಧ ಬಂದು ಲೆಕ್ಕಪತ್ರದ ಸಿಬ್ಬಂದಿ ಹ್ಯಾಂಪ್‌ಷೈರಿನ ಹಳ್ಳಿಗಾಡಿಗೆ ತೆರಳಿತು. 1946ರಲ್ಲಿ ಬ್ಯಾಂಕು ರಾಷ್ಟ್ರೀಕರಣವಾಯಿತು. 1950ರ ದಶಕದಲ್ಲಿ ಅದು ಸೇಂಟ್ ಪಾಲ್ ದೇವಾಲಯದ ಹಿಂದೆ ನ್ಯೂ ಚೇಂಜ್ ಎಂಬಲ್ಲಿ ಮತ್ತೊಂದು ಬೃಹತ್ ಕಟ್ಟಡವನ್ನು ಎಬ್ಬಿಸಿತು. ಅದನ್ನೂ 2007ರಲ್ಲಿ ಕೆಡವಿ ಅಲ್ಲಿ ಅಂಗಡಿ ಮಳಿಗೆಗಳ ಸಂಕೀರ್ಣವನ್ನು ಕಟ್ಟಿದರು. ಸಾಲಗಾರರ ಹೆಸರಿನ ಪುಸ್ತಕವನ್ನಿಡುವ ವಿಭಾಗ 1990ರ ದಶಕದಲ್ಲಿ ಗ್ಲಾಸ್ಟರ್ ಪಟ್ಟಣಕ್ಕೆ ಹೋಯಿತು. 2004ರಲ್ಲಿ ಆ ಕೆಲಸವನ್ನೇ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಲಾಯಿತು. 1932ರಲ್ಲಿ ಬಡ್ಡಿ ಇಳಿಸಿದ ಯುದ್ಧಸಾಲವೂ, ಸೋನ್‌ನ ಕಾಲದಿಂದ ಹೆಸರು ಮುಂದುವರಿದುಬಂದ ಕನ್ಸಾಲ್ ಸಾಲವೂ 2015ರಲ್ಲಿ ತೀರಿದವು. ಯಾವ ಪುಸ್ತಕಗಳಿಗೆ ಎಡೆ ಸಾಲದೆಂಬುದು ಕೆಡವುವುದಕ್ಕೆ ಮುಖ್ಯ ಕಾರಣವಾಗಿತ್ತೋ ಆ ಪುಸ್ತಕಗಳು ಆ ಬೀದಿಯಿಂದಲೇ ಹೊರಟುಹೋದವು. 1925ರಲ್ಲಿ ಇದನ್ನು ಯಾರೂ ಕಾಣುವಂತಿರಲಿಲ್ಲವೆಂಬುದು ನಿಜ. ಆದರೆ ಕಚೇರಿಯ ಅಗತ್ಯ ಒಂದೆರಡು ತಲೆಮಾರಿನದೆಂದು ಬ್ಯಾಂಕಿನ ಸ್ವಂತ ಚರಿತ್ರೆಯೇ ಅವರಿಗೆ ಹೇಳಬಹುದಾಗಿತ್ತು. ಸೋನ್‌ನ ಹಜಾರಗಳು ಅಂಚೆಯ ದೆಸೆಯಿಂದ ಬರಿದಾದದ್ದು ಅವರ ಕಣ್ಣೆದುರಿಗಿತ್ತು.

ಹೋಲಿಕೆಗೆ ದೂರ ಹೋಗಬೇಕಿಲ್ಲ. ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಪೌಲ್ಟ್ರಿ ಬೀದಿಯಲ್ಲಿ ಮಿಡ್‌ಲೆಂಡ್ ಬ್ಯಾಂಕಿನ ಹಿಂದಿನ ಪ್ರಧಾನ ಕಚೇರಿ ಸಿಗುತ್ತದೆ. ಅದೂ 1920 ಮತ್ತು 30ರ ದಶಕಗಳಲ್ಲಿಯೇ ಎದ್ದದ್ದು. ಅದರ ಶಿಲ್ಪಿ ಎಡ್ವಿನ್ ಲುಟ್ಯೆನ್ಸ್, ರೈಸಿನಾ ಗುಡ್ಡದ ಏರುದಾರಿಯ ಇಳಿಜಾರನ್ನು ಕುರಿತು ಬೇಕರನೊಡನೆ ಜಗಳವಾಡಿ ಕೊನೆಯವರೆಗೂ ಮರೆಯದವನು. ಬ್ಯಾಂಕು ಬಿಟ್ಟುಹೋದ ಮೇಲೆ ಆ ಕಟ್ಟಡ 2017ರಲ್ಲಿ ಹೋಟೆಲಾಗಿ ತೆರೆಯಿತು. ಹಸಿರು ಕಲ್ಲಿನ ಕಂಬಗಳ ನಡುವೆ, ಹಳೆಯ ಗುಮಾಸ್ತರ ಕಟಾಂಜನಗಳ ಪಕ್ಕದಲ್ಲಿ, ಈಗ ಜನ ಊಟ ಮಾಡುತ್ತಾರೆ. ಭದ್ರ ಖಜಾನೆಯಲ್ಲಿ ಪಾನಗೃಹವಿದೆ. ಇದು ರುಚಿಸದವರು ಉಂಟು. ನಮಗೂ ಪೂರ್ತಿಯಾಗಿ ರುಚಿಸದು. ಆದರೆ ಅಲ್ಲಿ ಬ್ಯಾಂಕು ಹೋಗಿ ಹಜಾರ ಉಳಿದಿದೆ. ಲುಟ್ಯೆನ್ಸ್ ಏನು ಮಾಡಿದನೆಂದು ತಿಳಿಯಬಯಸುವ ವಿದ್ಯಾರ್ಥಿ ಒಳಹೊಕ್ಕು ನೋಡಬಹುದು. ಥ್ರೆಡ್‌ನೀಡಲ್ ಬೀದಿಯಲ್ಲಿ ಬ್ಯಾಂಕು ಉಳಿದು ಹಜಾರ ಹೋಯಿತು. ಸಂಸ್ಥೆಯ ಬಾಳು ಬೇರೆ, ಕಟ್ಟಡದ ಬಾಳು ಬೇರೆ ಎಂಬುದನ್ನು ಮರೆತು, ಒಂದರ ಮುಂದುವರಿಕೆಯನ್ನೇ ಇನ್ನೊಂದರ ರಕ್ಷಣೆಯೆಂದು ಎಣಿಸಿದ್ದು ಬ್ಯಾಂಕಿನವರ ತಪ್ಪೆಂದು ನಮಗೆ ತೋರುತ್ತದೆ.

ಬೇಕರನ ಕಟ್ಟಡವೂ ಈಗ ಹಳೆಯದಾಯಿತು. ಚಾರ್ಲ್ಸ್ ವೀಲರ್‌ನ ಶಿಲ್ಪಗಳು, ಬೋರಿಸ್ ಆನ್ರೆಪ್‌ನ ಖಚಿತ ಚಿತ್ರಗಳ ನೆಲಗಟ್ಟು ಇವೆಲ್ಲ ಸಹ ಒಂದು ಕಾಲದ ಸಾಕ್ಷಿಯೇ. ಸೋನ್‌ನ ಗೋಡೆಯೊಡನೆ ಅದೂ ಅತ್ಯುಚ್ಚ ದರ್ಜೆಯ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿದೆ. ಇನ್ನು ಅದನ್ನು ಕೆಡವಿ ಸೋನ್‌ನನ್ನು ಮರಳಿ ತರುವ ಮಾತಿಲ್ಲ. ಹಾಗೆ ಮಾಡುವುದು ಉಚಿತವೂ ಅಲ್ಲ.

ಆದರೆ ಬ್ಯಾಂಕೇ 1980ರ ದಶಕದಲ್ಲಿ ಒಂದು ಸಣ್ಣ ಪ್ರಾಯಶ್ಚಿತ್ತವನ್ನು ಮಾಡಿಕೊಂಡಿತು. ಬಾರ್ಥಲೊಮ್ಯೂ ಓಣಿಯ ಕಡೆಯಲ್ಲಿ, ಬ್ಯಾಂಕ್ ಸ್ಟಾಕ್ ಆಫೀಸನ್ನು ಸೋನ್‌ನ ನಕ್ಷೆಗಳನ್ನು ನೋಡಿ ಬೇಕರನ ಕಟ್ಟಡದೊಳಗೆ ಮರುರಚಿಸಿ, 1988ರಲ್ಲಿ ಬ್ಯಾಂಕಿನ ವಸ್ತುಸಂಗ್ರಹಾಲಯದ ಮೊದಲ ಕೋಣೆಯಾಗಿ ತೆರೆದರು. ಕಮಾನುಗಳು ಮತ್ತೆ ಎದ್ದಿವೆ. ಗೋಡೆಯ ತೆಳುಗೆರೆಗಳೂ ಗುಮಾಸ್ತರ ಮೇಜುಗಳೂ ಇವೆ. ಮೂಲದ ಒಂದು ಇಟ್ಟಿಗೆಯಾದರೂ ಅಲ್ಲಿದೆಯೆ ಎಂದು ಕೇಳುವುದು ನ್ಯಾಯವೇ ಆದರೂ, ಕೋಣೆಯ ಅಳತೆಯನ್ನು ಅಲ್ಲಿ ನಿಂತು ಅನುಭವಿಸಬಹುದು. ಒಳಹೋಗಲು ಶುಲ್ಕವಿಲ್ಲ. ಬಡ್ಡಿಯ ದಿನ ವಿಧವೆಯರೂ ನಾವಿಕರೂ ತಮ್ಮ ಹೆಸರಿನ ಅಕ್ಷರವನ್ನು ಹುಡುಕುತ್ತಿದ್ದ ಆ ಮೇಜುಗಳ ಮಾದರಿಗಳ ನಡುವೆ ವಾರದ ದಿನಗಳಲ್ಲಿ ಶಾಲೆಯ ಮಕ್ಕಳು ಓಡಾಡುತ್ತಾರೆ.